ಅಡಿಗೆಮನೆಯ ಮಡಿ ಫೋನು

"ಮಕ್ಕಳಿಗೆ ಸುಲಭವಾಗಲಿ ಅಂತ" ಎನ್ನುವ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಮಾತು ಎಲ್ಲಿ ಬಂತೋ ಅಲ್ಲಿ ಯಾರೋ ದೊಡ್ಡವರು ತಮ್ಮ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದೇ ಅರ್ಥ. ನನಗೆ ಈ ಬುದ್ಧಿ ಬಂದದ್ದು ನಮ್ಮ ಕನ್ನಡ ಸಂಘದ ಸಮಿತಿ ಸಭೆಯಲ್ಲಿ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಒಂದು ಚಳಿಗಾಲದಲ್ಲಿ. ಚೆನ್ನೈಯಲ್ಲಿ ಚಳಿಗಾಲ ಎಂದರೆ ಫ್ಯಾನನ್ನು ಒಂದು ಪಾಯಿಂಟ್ ಕಡಿಮೆ ಮಾಡುವ ಕಾಲ, ಅಷ್ಟೇ.

ಸಂಘದ ಹಿಂದಿನ ಕೋಣೆಯಲ್ಲಿ ನಾನು ಭಾನುವಾರ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೆ. ರೈಲ್ವೆಯವರ, ಬ್ಯಾಂಕಿನವರ, ಇನ್ಶೂರೆನ್ಸಿನವರ ಮಕ್ಕಳು. ಕನ್ನಡ ಕಿವಿಗೆ ಬೀಳುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಏನು ತಿಂದೆ ಎಂದು ಕನ್ನಡದಲ್ಲಿ ಕೇಳಿದರೆ "ಇಡ್ಲಿ ಸಾಪ್ಟೇನ್ ಮಿಸ್" ಎಂದು ತಮಿಳಿನಲ್ಲಿ ಉತ್ತರ ಬರುತ್ತಿತ್ತು. ಅಂಥ ಮಕ್ಕಳಿಗೆಂದೇ ಒಂದು ಪಾಠದ ಪುಸ್ತಕ ಬರೆದಿದ್ದೆ. ಸಂಘ ಅದನ್ನು ಅಚ್ಚು ಹಾಕಿಸಿ ಯುಗಾದಿಯ ದಿನ ಬಿಡುಗಡೆ ಮಾಡುವುದೆಂದು ಒಪ್ಪಿತ್ತು. ಸಂಘದ ಖಾಯಂ ಪ್ರೆಸ್ ಇದ್ದದ್ದು ಪುರಸೈವಾಕ್ಕಂನಲ್ಲಿ, ಜವಳಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ. ಮದುವೆ ಪತ್ರಿಕೆ, ಬಿಲ್ ಬುಕ್ಕು ಮಾಡುವ ಪ್ರೆಸ್ಸು. ಅಲ್ಲಿ ತಮಿಳು, ಇಂಗ್ಲಿಷ್ ಬಿಟ್ಟರೆ ಬೇರೆ ಅಕ್ಷರ ಇರಲಿಲ್ಲ.

ಅದಕ್ಕೆ ಸಂಘದ ಕಾರ್ಯದರ್ಶಿಗಳು ಒಂದು ಉಪಾಯ ತಂದರು. ಇನ್ಶೂರೆನ್ಸ್ ಆಫೀಸಿನಿಂದ ರಿಟೈರಾದವರು, ಶಿಸ್ತಿನ ಮನುಷ್ಯ, ಸಂಘಕ್ಕಾಗಿ ಓಡಾಡುವವರು ಅವರೊಬ್ಬರೇ. ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಉಪಾಯ ಮಾತ್ರ ಕೆಟ್ಟದ್ದು: ಪುಸ್ತಕವನ್ನು ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಮಾಡಿಸುವುದು. ಎ ಎಮ್ ಎಮ್ ಎ ಎಂದು ಬರೆದು ಅಮ್ಮ ಎಂದು ಓದಿಸುವುದು.

"ಮಕ್ಕಳಿಗೆ ಸುಲಭವಾಗಲಿ ಅಂತ ಮೇಡಂ" ಎಂದರು. "ಈ ಊರಲ್ಲಿ ಕನ್ನಡ ಅಕ್ಷರ ಯಾರಿಗೆ ಬೇಕಾಗತ್ತೆ ಹೇಳಿ. ಬಸ್ ಬೋರ್ಡು ತಮಿಳು, ಸ್ಕೂಲು ಇಂಗ್ಲಿಷು. ಮಾತು ಬಂದ್ರೆ ಸಾಕಲ್ಲ."

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ ಸಾರ್?" ಎಂದೆ. ಸಭೆಯಲ್ಲಿ ಇಬ್ಬರು ನಕ್ಕರು, ಉಳಿದವರು ಕಾಫಿ ಲೋಟ ನೋಡಿದರು. "ಪ್ರೆಸ್ಸಲ್ಲಿ ಅಕ್ಷರ ಇಲ್ದಿದ್ರೆ ಬೇಡ. ನಾನು ಮನೆ ಕಂಪ್ಯೂಟರಲ್ಲೇ ಪುಟಗಳನ್ನ ಸಿದ್ಧ ಮಾಡಿ ಪ್ರಿಂಟ್ ತೆಗೆದು ಕೊಡ್ತೀನಿ. ಅವರು ಅದನ್ನ ಹಾಗೇ ಪ್ಲೇಟ್ ಮಾಡಿ ಅಚ್ಚು ಹಾಕಲಿ. ಅವರಿಗೆ ಓದೋಕೆ ಬರಬೇಕಾಗಿಲ್ಲ."

ಕಾರ್ಯದರ್ಶಿಗಳು ಕ್ಯಾಲೆಂಡರ್ ನೋಡಿ ಒಂದು ಗಡುವು ಹೇಳಿದರು. ಅಷ್ಟರೊಳಗೆ ಪುಟಗಳು ಕೈಗೆ ಬಂದರೆ ಕನ್ನಡ, ಬರದಿದ್ದರೆ ಎ ಬಿ ಸಿ ಡಿ. ಆಗಲಿ ಎಂದು ಎದ್ದು ಬಂದೆ. ಕೀಲ್ಪಾಕಿನ ಮನೆ ತಲುಪಿ ಚಪ್ಪಲಿ ಬಿಡುವಾಗ ನೆನಪಾಯಿತು, ನನ್ನ ಕಂಪ್ಯೂಟರಿಗೆ ಕನ್ನಡವನ್ನು ನೆಟ್ಟಗೆ ಬರೆಯಲು ಬರುವುದಿಲ್ಲ.

ಆ ಕಂಪ್ಯೂಟರಿನ ಕತೆಯನ್ನೂ ಹೇಳಬೇಕು. ಬ್ಯಾಂಕಿನ ಕೆಲಸಕ್ಕೆ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟು ಬಂದ ಮೇಲೆ ನಾನೇ ಕೊಂಡದ್ದು. ಅಂಗಡಿಯವನು ಎಲ್ಲರೂ ಬಳಸುವ ಸಾಫ್ಟ್‌ವೇರಿನ ಕಳ್ಳ ಪ್ರತಿ ಹಾಕಿಕೊಟ್ಟಿದ್ದ. ಒಂದು ವೈರಸ್ ಬಂದು ನನ್ನ ಅರ್ಧ ಪಾಠಗಳನ್ನು ತಿಂದು ಹಾಕಿತು. ಕೇಳಲು ಹೋದರೆ "ಇನ್ನೊಂದು ಕಾಪಿ ಹಾಕ್ತೀನಿ ಮೇಡಂ" ಎಂದ. ವರ್ಷಗಟ್ಟಲೆ ಬ್ಯಾಂಕಿನ ತಿಜೋರಿ ಕೀಲಿಕೈ ಸೊಂಟದಲ್ಲಿ ಇಟ್ಟುಕೊಂಡವಳು ನಾನು, ಕದ್ದ ಮಾಲನ್ನು ಮನೆಯ ಹಾಲ್‌ನಲ್ಲಿಟ್ಟು ಟೇಬಲ್ ಕ್ಲಾತ್ ಹೊದಿಸಲು ಮನಸ್ಸು ಬರಲಿಲ್ಲ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಅಂಟಿಸಿ ಕೊಟ್ಟಿದ್ದ ಲಿನಕ್ಸ್ ಸಿಡಿ ಹಾಕಿ, ಹಳೆಯದನ್ನೆಲ್ಲ ಅಳಿಸಿ, ಹೊಸದಾಗಿ ಶುರು ಮಾಡಿದೆ. ಯಾರ ಹಂಗೂ ಇಲ್ಲದ, ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಸಾಫ್ಟ್‌ವೇರು. ಆ ಒಂದು ಗುಣಕ್ಕೇ ನಾನು ಅದಕ್ಕೆ ಒಲಿದೆ.

ಮನೆಯವರು ಯಾರೂ ಒಲಿಯಲಿಲ್ಲ. ಗಿಂಡಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳು, ಅದೂ ಕಂಪ್ಯೂಟರ್ ಬ್ರಾಂಚು, "ಯೇಮ್ಮಾ ಇವ್ಳೋ ಅಡಂ ಪಿಡಿಕ್ಕಿರೆ?" ಎಂದಳು. ಯಾಕಮ್ಮಾ ಇಷ್ಟು ಹಠ ಹಿಡೀತೀಯ ಎಂದು. ಅವಳು ನನ್ನ ಜೊತೆ ಮಾತಾಡುತ್ತಿದ್ದದ್ದು ತಮಿಳಿನಲ್ಲೇ, ನಾನು ಅವಳ ಜೊತೆ ಕನ್ನಡದಲ್ಲೇ. ಹಾಗೆಯೇ ಜಗಳವಾಡಿ ಹಾಗೆಯೇ ರಾಜಿಯಾಗುತ್ತಿದ್ದೆವು. ಗಂಡ ರೈಲ್ವೆಯ ಟೆಲಿಫೋನ್ ವಿಭಾಗದವರು. "ಊರಿಗೊಂದು ದಾರಿಯಾದ್ರೆ ನಿಂಗೊಂದು ದಾರಿ" ಎಂದು ಪೇಪರ್ ಎತ್ತಿಕೊಂಡರು. ಇನ್ನು ಅತ್ತೆ. ಅವರಿಗೆ ಕಂಪ್ಯೂಟರ್ ಮೈಲಿಗೆ. ಸ್ನಾನ ಮಾಡಿ, ಮಡಿಕೋಲಿನಿಂದ ಎತ್ತರದ ಗಳುವಿನ ಮೇಲಿನ ಮಡಿ ಸೀರೆ ಇಳಿಸಿ ಉಟ್ಟರೆಂದರೆ, ಪೂಜೆ ಮುಗಿದು ಊಟವಾಗುವ ತನಕ ಅವರು ಹಾಲಿಗೇ ಕಾಲಿಡುತ್ತಿರಲಿಲ್ಲ.

ಈಗ ತೊಂದರೆಗೆ ಬರುತ್ತೇನೆ. ನನ್ನ ಲಿನಕ್ಸಿನಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತಿರಲಿಲ್ಲ. ಅಮ್ಮ ಎಂದು ಹೊಡೆದರೆ ಎರಡನೆಯ ಮಕಾರ, ಬಸ್ಸಿನಲ್ಲಿ ಸೀಟು ಬಿಟ್ಟುಕೊಡದವನ ಹಾಗೆ, ಪಕ್ಕದಲ್ಲೇ ಕೂತುಬಿಡುತ್ತಿತ್ತು. ಅಜ್ಜಿ, ಅಪ್ಪ, ಅಕ್ಕ ಎಲ್ಲರದ್ದೂ ಅದೇ ಪಾಡು. ಅದನ್ನು ಸರಿಪಡಿಸಿದ ಹೊಸ ಆವೃತ್ತಿ ಆಗಲೇ ಬಂದಿತ್ತು. ಸಂಬಳವಿಲ್ಲದೆ ಕೂತು ಸರಿಮಾಡಿದ ಪುಣ್ಯಾತ್ಮರಿಗೆ ನನ್ನ ನಮಸ್ಕಾರ. ಆದರೆ ಅದು ಬೇಕೆಂದರೆ ಕಂಪ್ಯೂಟರಿನ ಇಡೀ ವ್ಯವಸ್ಥೆಯನ್ನೇ ಅಪ್‌ಡೇಟ್ ಮಾಡಬೇಕಿತ್ತು, ಅಂದರೆ ರಾಶಿ ರಾಶಿ ಫೈಲುಗಳನ್ನು ಇಂಟರ್ನೆಟ್ಟಿನಿಂದ ಇಳಿಸಬೇಕಿತ್ತು.

ಮನೆಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಹಾಕಿಸಿದ್ದೆವು. ಬಾಣದ ಹಾಗೆ ಹೋಗುತ್ತದೆ ಎಂದಿದ್ದರು. ನಮ್ಮದು ಎತ್ತಿನಗಾಡಿಯಂತೆ ಹೋಗುತ್ತಿತ್ತು, ಅದೂ ಗಾಲಿ ಕೀಲು ಕಳೆದ ಗಾಡಿ. ಸ್ವಲ್ಪ ದೂರ ತೆವಳುವುದು, ನಿಲ್ಲುವುದು, ಮೋಡೆಮಿನ ಹಸಿರು ದೀಪ ಮಿಟುಕಿ ಆರುವುದು, ಮತ್ತೆ ಹತ್ತುವುದು. ಅಷ್ಟರಲ್ಲಿ ಇಳಿಯುತ್ತಿದ್ದ ಫೈಲು ಕೆಟ್ಟುಹೋಗಿ ಮೊದಲಿನಿಂದ ಆಗಬೇಕು. ನಾನು ಬೆಳಿಗ್ಗೆ ಕಾಫಿ ಕುಡಿದು ಅದರ ಮುಂದೆ ಕೂತರೆ ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ರೆಪ್ಪೆ ಹೊಡೆಯದೆ ನೋಡುತ್ತಿದ್ದೆ.

ಮಗಳ ಕಾಲೇಜಿನಿಂದ ತರಿಸೋಣವೆಂದರೆ ಅಲ್ಲಿನ ಲ್ಯಾಬಿನಲ್ಲಿ ಹೊರಗಿನ ಸಿಡಿ, ಪೆನ್‌ಡ್ರೈವ್ ಏನನ್ನೂ ಮುಟ್ಟಗೊಡುತ್ತಿರಲಿಲ್ಲ. ಬೀದಿಯ ಬ್ರೌಸಿಂಗ್ ಸೆಂಟರಿನಲ್ಲೂ ಅದೇ ಕಟ್ಟಳೆ. ಗಂಡ "ಬಿಟ್ಟಾಕು" ಎಂದರು. ಬಿಟ್ಟುಹಾಕು ಎಂದವರ ಮುಂದೆ ನನಗೆ ಇನ್ನೂ ಬಿಗಿಯಾಗಿ ಹಿಡಿಯುವ ಬುದ್ಧಿ. ಟೆಲಿಫೋನ್ ಆಫೀಸಿಗೆ ದೂರು ಕೊಟ್ಟೆ.

ಒಬ್ಬ ಮೆಕ್ಯಾನಿಕ್ ಬಂದ. ರಜೆಯ ದಿನವಾದ್ದರಿಂದ ಗಂಡ ಮನೆಯಲ್ಲೇ ಇದ್ದರು. ಹಾಲಿನ ಫೋನು, ಮೋಡೆಮು, ಎರಡರ ನಡುವಿನ ಪುಟ್ಟ ಪೆಟ್ಟಿಗೆ ಎಲ್ಲ ನೋಡಿ, "ವೀಟ್ಟಿಲೆ ಎತ್ತನೆ ಫೋನ್ ಸಾರ್?" ಎಂದು ಕೇಳಿದ. ಮನೆಯಲ್ಲಿ ಎಷ್ಟು ಫೋನು?

"ಒಣ್ಣು ದಾನ್" ಎಂದರು ಗಂಡ. ಒಂದೇ. ನಾನೂ ತಲೆಯಾಡಿಸಿದೆ. ಮಗಳೂ ಅಲ್ಲೇ ನಿಂತಿದ್ದಳು. ಅಡಿಗೆಮನೆಯ ಹೊಸ್ತಿಲಾಚೆ ಅತ್ತೆಯೂ ಕೇಳಿಸಿಕೊಳ್ಳುತ್ತಿದ್ದರು.

"ಲೈನ್ ಎಲ್ಲಾಂ ನಲ್ಲಾ ಇರುಕ್ಕು ಮೇಡಂ. ಉಂಗ ಕಂಪ್ಯೂಟರ್ ದಾನ್ ಪ್ರಾಬ್ಲಂ" ಎಂದ ಅವನು. ಲೈನೆಲ್ಲ ಚೆನ್ನಾಗಿದೆಯಂತೆ, ನನ್ನ ಕಂಪ್ಯೂಟರೇ ಸರಿಯಿಲ್ಲವಂತೆ. ಲಿನಕ್ಸ್ ತೆಗೆದು ಎಲ್ಲರ ಹಾಗೆ ಮಾಡಿಸಿಕೊಳ್ಳಿ ಎಂದು ಬುದ್ಧಿವಾದವನ್ನೂ ಹೇಳಿದ. ಗಂಡನ ಮುಖದಲ್ಲಿ ಆಗ ಮೂಡಿದ ನಗುವನ್ನು ನಾನು ಇನ್ನೂ ಮರೆತಿಲ್ಲ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಕಣಪ್ಪ ನೀನು ಹೇಳಿದ್ದು" ಎಂದು ಅವನಿಗೆ ಕನ್ನಡದಲ್ಲೇ ಹೇಳಿದರು. ಅವನು ಅರ್ಥವಾಗದೆ ನಕ್ಕು ಹೋದ.

ಕೋಣ ಸುಮ್ಮನೆ ಕೂರಲಿಲ್ಲ. ಲಿನಕ್ಸ್ ಬಳಸುವವರು ಪ್ರಶ್ನೆ ಕೇಳಿ ಉತ್ತರ ಹೇಳಿಕೊಳ್ಳುವ ಒಂದು ಮೇಲಿಂಗ್ ಲಿಸ್ಟ್ ಇತ್ತು. ಅಲ್ಲಿ ನನ್ನ ಗೋಳು ಬರೆದೆ. ಮುಖ ನೋಡದ ಯಾರೋ ಉತ್ತರಿಸಿದರು: ನಿಮ್ಮ ಕಂಪ್ಯೂಟರ್ ಎಲ್ಲಿಂದ ಫೈಲು ತರುತ್ತಿದೆ ಮೊದಲು ನೋಡಿ. ನೋಡಿದರೆ ಅದು ಸಮುದ್ರದಾಚೆ ಯೂರೋಪಿನಿಂದ ತರುತ್ತಿತ್ತು! ಅದೇ ಫೈಲುಗಳ ನಕಲನ್ನು ನಮ್ಮ ದೇಶದಲ್ಲೇ ಒಂದು ಕಾಲೇಜಿನವರು ಇಟ್ಟಿದ್ದರು. ಪಕ್ಕದ ಬೀದಿಯಲ್ಲಿ ತೆಂಗಿನಕಾಯಿ ಸಿಗುವಾಗ ಕೊಯಮತ್ತೂರಿಗೆ ಹೋಗಿ ತಂದ ಹಾಗಾಗಿತ್ತು. ವಿಳಾಸ ಬದಲಿಸಿದೆ. ಗಾಡಿ ಸ್ವಲ್ಪ ಚುರುಕಾಯಿತು. ಆದರೆ ದೀಪ ಆರುವುದು ನಿಲ್ಲಲಿಲ್ಲ.

ಆಗ ನಾನು ದೀಪದ ಮೇಲೇ ಕಣ್ಣಿಟ್ಟೆ. ಬೆಳಿಗ್ಗೆ ಅತ್ತೆಯ ಪೂಜೆ ಮುಗಿಯುತ್ತಿತ್ತು, ಮಂಗಳಾರತಿಯ ಗಂಟೆ ಬಾರಿಸುತ್ತಿದ್ದರು, ಅದಾದ ಸ್ವಲ್ಪ ಹೊತ್ತಿಗೆ ಮೋಡೆಮಿನ ದೀಪ ಆರುತ್ತಿತ್ತು. ಒಂದು ದಿನ ಅಲ್ಲ, ದಿನಾ. ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. "ದೇವರಿಗೂ ಬೇಡ ನಿನ್ನ ಲಿನಕ್ಸು" ಎಂದು ಗಂಡ ಹೊಟ್ಟೆ ಹಿಡಿದು ನಕ್ಕರು. ಮಗಳು ಸ್ನೇಹಿತೆಯರಿಗೆಲ್ಲ ಹೇಳಿ ಬಂದಳು. ಗಡುವಿಗೆ ಹೆಚ್ಚು ದಿನ ಉಳಿದಿರಲಿಲ್ಲ, ಸಂಘದಲ್ಲಿ ಕಾರ್ಯದರ್ಶಿಗಳು ಎದುರಾದಾಗಲೆಲ್ಲ "ಏನಾಯ್ತು ಮೇಡಂ ನಿಮ್ಮ ಅಕ್ಷರ?" ಎಂದು ಕೇಳುತ್ತಿದ್ದರು, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ. ನನಗೆ ನಿಜವಾಗಿ ಭಯವಾಗತೊಡಗಿತ್ತು. ಸೋಲುವ ಭಯಕ್ಕಿಂತ, ಆ ಮಕ್ಕಳ ಕೈಗೆ ಎ ಬಿ ಸಿ ಡಿಯ ಅಮ್ಮನನ್ನು ನನ್ನ ಹೆಸರಿನಲ್ಲೇ ಕೊಡುತ್ತಾರಲ್ಲ ಎಂಬ ಭಯ.

ಅಷ್ಟರಲ್ಲಿ ಏಕಾದಶಿ ಬಂತು.

ನಮ್ಮದು ವೈಷ್ಣವರ ಮನೆ. ಏಕಾದಶಿಯ ದಿನ ಅತ್ತೆ ತೊಟ್ಟು ನೀರನ್ನೂ ಕುಡಿಯುವುದಿಲ್ಲ. ಒಲೆ ಹಚ್ಚುವಂತಿಲ್ಲ, ಮಿಕ್ಸಿ ತಿರುಗಿಸುವಂತಿಲ್ಲ. ನಾವು ಮೂವರು ಹಿಂದಿನ ದಿನ ತಂದಿಟ್ಟ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ಇರುತ್ತಿದ್ದೆವು. ಆವತ್ತು ಬೆಳಿಗ್ಗೆ ನಾನು ಕಂಪ್ಯೂಟರ್ ಮುಂದೆ ಕೂತೆ. ಪೂಜೆಯಾಯಿತು. ಗಂಟೆ ಬಾರಿಸಿತು. ನಾನು ದೀಪ ನೋಡಿದೆ. ಅದು ಆರಲಿಲ್ಲ. ಮಧ್ಯಾಹ್ನದವರೆಗೂ ಆರಲಿಲ್ಲ. ವೇಗ ಹೇಳಿಕೊಳ್ಳುವಂಥದ್ದಲ್ಲ, ಆದರೆ ಲೈನು ಕಡಿಯಲಿಲ್ಲ. ಅಂದರೆ ಗಂಟೆಯ ತಪ್ಪಲ್ಲ, ದೇವರು ನಿರಪರಾಧಿ. ಏಕಾದಶಿಯ ದಿನ ನಡೆಯದ ಇನ್ನೇನೋ ಒಂದು ಉಳಿದ ದಿನ ನಡೆಯುತ್ತಿದೆ. ಮಿಕ್ಸಿಯೇ ಇರಬೇಕೆಂದು ಖಚಿತ ಮಾಡಿಕೊಂಡೆ. ಅದು ತಿರುಗಿದರೆ ಟಿವಿಯಲ್ಲೂ ಗೆರೆ ಬರುತ್ತಿತ್ತಲ್ಲ.

ಮರುದಿನ ದ್ವಾದಶಿ, ಪಾರಣೆ. ಬೆಳಕು ಹರಿಯುತ್ತಲೇ ಪೂಜೆ, ಅಡಿಗೆ, ಊಟ ಎಲ್ಲ ಆಗಬೇಕು. ಅಗಸೆಸೊಪ್ಪಿನ ಪಲ್ಯದ ಘಮ ಹಾಲಿಗೆ ಬರುತ್ತಿತ್ತು. ಮಿಕ್ಸಿ ತಿರುಗಿತು, ದೀಪ ಅಲ್ಲಾಡಲಿಲ್ಲ. ಗಂಟೆ ಬಾರಿಸಿತು, ಆಗಲೂ ಇಲ್ಲ. ಇನ್ನೇನು ನನ್ನ ಲೆಕ್ಕವೆಲ್ಲ ತಪ್ಪಾಯಿತು ಎನ್ನುವಾಗ ಫೋನು ಬಡಿದುಕೊಂಡಿತು. ನಾನು ಹಾಲಿನ ಫೋನಿಗೆ ಕೈ ಚಾಚುವ ಮೊದಲೇ ಅಡಿಗೆಮನೆಯಿಂದ ಅತ್ತೆಯ ದನಿ ಕೇಳಿಸಿತು.

"ಪಾರಣೆ ಆಯ್ತೇನೇ? ಇಲ್ಲಿ ಈಗ ಎಲೆ ಹಾಕ್ಬೇಕು."

ಮೋಡೆಮಿನ ದೀಪ ಆರಿಹೋಯಿತು.

ನಮ್ಮ ಮನೆಯಲ್ಲಿ ಇನ್ನೊಂದು ಫೋನಿತ್ತು.

ಅದು ಬಂದು ಎಷ್ಟೋ ವರ್ಷಗಳಾಗಿದ್ದವು. ಅತ್ತೆಯ ತಂಗಿ ಮೈಸೂರಿನಿಂದ ಫೋನ್ ಮಾಡುವುದು ಯಾವಾಗಲೂ ಅತ್ತೆ ಮಡಿಯಲ್ಲಿದ್ದಾಗಲೇ, ಯಾಕೆಂದರೆ ತಂಗಿಗೂ ತನ್ನ ಪೂಜೆ ಮುಗಿದ ಮೇಲೆಯೇ ಬಿಡುವು. ಹಾಲಿನ ಫೋನನ್ನು ಊರಿನವರೆಲ್ಲ ಮುಟ್ಟುತ್ತಾರೆ, ಅದನ್ನು ಮುಟ್ಟಿದರೆ ಮತ್ತೆ ಸ್ನಾನ. ಹಾಗೆ ಎರಡೆರಡು ಸ್ನಾನ ಮಾಡಿ ಅತ್ತೆಗೆ ನೆಗಡಿಯಾದಾಗ ಗಂಡ ತಮ್ಮ ವಿದ್ಯೆಯನ್ನೆಲ್ಲ ಬಳಸಿ, ಬಾಗಿಲ ಮೇಲಿನಿಂದಲೇ ಒಂದು ಎಳೆ ತಂತಿ ಎಳೆದು, ಗವಾಕ್ಷಿಯೊಳಗೆ ತೂರಿಸಿ, ಒಳಗಿನ ಕಟ್ಟೆಯ ಮೇಲೆ ಮಣೆ ಹಾಕಿ ಅಮ್ಮನಿಗೇ ಎಂದು ಒಂದು ಫೋನು ಕೂರಿಸಿದ್ದರು. ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ದಿನಾ ಪೂಜೆಯಾದ ಮೇಲೆ ತಂಗಿಯ ಫೋನು ಬಡಿಯುವುದು, ಅತ್ತೆ ಒಳಗೆ ಎತ್ತುವುದು ಗಡಿಯಾರದ ಸದ್ದಿನ ಹಾಗೆ ನಮ್ಮ ಕಿವಿಗೆ ಒಗ್ಗಿಹೋಗಿತ್ತು. ಅದಕ್ಕೆ ಹೆಸರೇ ಮಡಿ ಫೋನು. ಮಡಿ ಸೀರೆ, ಮಡಿ ಕೊಡಪಾನ, ಮಡಿ ಫೋನು. ಮನೆಯ ಫೋನಿನ ಲೆಕ್ಕ ಕೇಳಿದಾಗ ಅದು ನಮ್ಮ ಯಾರ ನೆನಪಿಗೂ ಬರಲಿಲ್ಲ, ಕೈಯಾರೆ ತಂತಿ ಎಳೆದ ರೈಲ್ವೆ ಟೆಲಿಫೋನಿನವರಿಗೂ! ನಮ್ಮ ಲೆಕ್ಕದಲ್ಲಿ ಅದು ಫೋನೇ ಅಲ್ಲ, ದೇವರ ಮನೆಯ ಸಾಮಾನು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಬ್ರಾಡ್‌ಬ್ಯಾಂಡೂ ಮಾತೂ ಒಂದೇ ತಂತಿಯಲ್ಲಿ ಬರುತ್ತವೆ. ಅವನ್ನು ಬೇರೆ ಮಾಡಲು ಪ್ರತಿಯೊಂದು ಫೋನಿನ ಹಿಂದೆಯೂ ಒಂದು ಪುಟ್ಟ ಫಿಲ್ಟರ್ ಇರಬೇಕು. ಹಾಲಿನ ಫೋನಿಗೆ ಇತ್ತು, ಮೆಕ್ಯಾನಿಕ್ ನೋಡಿದ ಪುಟ್ಟ ಪೆಟ್ಟಿಗೆ ಅದೇ. ಮಡಿ ಫೋನಿಗೆ ಇರಲಿಲ್ಲ. ಅದು ಸುಮ್ಮನೆ ಕೂತಿದ್ದರೂ ವೇಗ ಕುಂಟುತ್ತಿತ್ತು, ಎತ್ತಿದರೆ ಲೈನೇ ಸಾಯುತ್ತಿತ್ತು. ಏಕಾದಶಿಯ ದಿನ ಅಕ್ಕತಂಗಿಯರಿಬ್ಬರೂ ಒಣಗಿದ ಗಂಟಲಿನಲ್ಲಿ ಮಾತಾಡುತ್ತಿರಲಿಲ್ಲ, ಅದಕ್ಕೇ ಲೈನು ಉಳಿದಿತ್ತು.

ಪಾರಣೆ ಮುಗಿದ ಮೇಲೆ ಹೊಸ್ತಿಲಲ್ಲಿ ನಿಂತು, "ಅತ್ತೆ, ಒಂದ್ನಿಮಿಷ ಆ ಫೋನಿನ ತಂತಿ ಕಿತ್ತು ಇಡ್ತೀರಾ?" ಎಂದೆ. ಕಿತ್ತರು. ಓಡಿ ಬಂದು ನೋಡಿದರೆ ಫೈಲುಗಳು ತಂಬಿಗೆಯಿಂದ ನೀರು ಸುರಿದ ಹಾಗೆ ಇಳಿಯುತ್ತಿದ್ದವು. ನಾನು ಒಬ್ಬಳೇ ಹಾಲಿನಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ.

ಗಂಡ ಸಂಜೆ ಬಂದು ಕೇಳಿ ಮೊದಲು ತಲೆ ಕೆರೆದುಕೊಂಡರು, ಆಮೇಲೆ ತೀರ್ಪು ಕೊಟ್ಟರು. "ಆ ಫೋನ್ ತೆಗೆದುಬಿಡೋಣ. ಅಮ್ಮಂಗೆ ಒಂದು ಸೆಲ್ಲು ಕೊಡಿಸಿದ್ರೆ ಆಯ್ತು."

"ತೆಗೆಯೋ ಹಾಗಿಲ್ಲ" ಎಂದೆ.

"ಅಯ್ಯೋ, ನಿನಗೋಸ್ಕರಾನೇ ಹೇಳಿದ್ದು ಕಣೇ. ಸುಲಭ ಆಗತ್ತೆ ಅಂತ."

ಮತ್ತೆ ಅದೇ ಸುಲಭ! ನನಗೆ ಮಡಿಯ ಮೇಲೆ ದೊಡ್ಡ ನಂಬಿಕೆಯೇನೂ ಇಲ್ಲ. ಆದರೆ ನನ್ನ ಅಕ್ಷರ ಉಳಿಸಲು ಇನ್ನೊಬ್ಬ ಹೆಂಗಸಿನ ಮಾತು ಕಸಿಯುವ ಜಾಯಮಾನವೂ ನನ್ನದಲ್ಲ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅತ್ತೆಗೆ ತಮಿಳು ಬಾಯಿಗೆ ಬಂತೇ ಹೊರತು ಕಣ್ಣಿಗೆ ಬರಲಿಲ್ಲ. ಬಸ್ಸಿನ ಬೋರ್ಡನ್ನು ಯಾರನ್ನಾದರೂ ಕೇಳಿಯೇ ಹತ್ತುತ್ತಿದ್ದರು. ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ. ಬೆಳಿಗ್ಗೆ ಓದುವ ದಾಸರ ಪದಗಳ ಪುಸ್ತಕ, ತಂಗಿಯ ಕಾಗದ, ಈ ಫೋನು. ಇವಿಷ್ಟೇ ಅವರ ಸ್ವಂತದ್ದು. ನಾನು ಎಲೆಕ್ಟ್ರಾನಿಕ್ ಸಾಮಾನಿನ ರಿಚಿ ಸ್ಟ್ರೀಟಿಗೆ ಹೋಗಿ ಅಂಗಡಿ ಅಂಗಡಿ ಸುತ್ತಿ ಒಂದು ಫಿಲ್ಟರ್ ತಂದೆ. ಹೆಬ್ಬೆಟ್ಟಿನಷ್ಟು ದೊಡ್ಡ ಬಿಳಿ ಡಬ್ಬಿ.

ತಂದದ್ದೇನೋ ಆಯಿತು, ಹಾಕುವವರು ಯಾರು? ಮೆಕ್ಯಾನಿಕ್ ಒಳಗೆ ಬರುವಂತಿಲ್ಲ, ನಾನೂ ಮುಟ್ಟುವಂತಿಲ್ಲ. ಅತ್ತೆ ಡಬ್ಬಿಯನ್ನು ದೂರದಿಂದಲೇ ನೋಡಿದರು.

"ಏನೇ ಇದು?"

"ಫಿಲ್ಟರ್ ಅತ್ತೆ. ಮಾತನ್ನ ಮಾತ್ರ ಫೋನಿಗೆ ಬಿಟ್ಟು, ಇಂಟರ್ನೆಟ್ಟನ್ನ ತಡೆಯತ್ತೆ."

"ಹಂಗಾದ್ರೆ ಕಾಫಿ ಫಿಲ್ಟರ್ ಥರಾನೇ. ಡಿಕಾಕ್ಷನ್ ಕೆಳಗೆ, ಗಷ್ಟು ಮೇಲೆ" ಎಂದರು. ಆಮೇಲೆ "ಏನಕ್ಕೆ ಇಷ್ಟು ಒದ್ದಾಡ್ತಿದೀಯ ನೀನು?" ಎಂದು ಕೇಳಿದರು. ಆ ತನಕ ಯಾರೂ ಅವರಿಗೆ ಹೇಳಿರಲಿಲ್ಲ. ನಾನು ಪುಸ್ತಕದ ಸಂಗತಿ ಹೇಳಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರಂತೆ ಎಂದಾಗ, "ನಮ್ಮ ಹುಡುಗಿ ಬಾಗಿಲ ಮೇಲೆ ಅಂಟಿಸಿ ಹೋಗ್ತಾಳಲ್ಲ, ಹಾಗಾ?" ಎಂದರು. ಮಗಳು ಮನೆಯಿಂದ ಹೊರಡುವಾಗ ಲೇಟಾಗುತ್ತದೆ, ಲೈಬ್ರರಿಗೆ ಹೋಗುತ್ತೇನೆ ಎಂದು ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಚೀಟಿ ಅಂಟಿಸಿ ಹೋಗುತ್ತಿದ್ದಳು. ಅತ್ತೆ ಅದನ್ನು ನೋಡುತ್ತಲೇ, ಓದಲಾಗದೆ, ನಾವು ಬರುವ ತನಕ ಬಾಗಿಲಲ್ಲಿ ಕಾಯುತ್ತಿದ್ದರು.

"ಹಾಗೇ" ಎಂದೆ.

ಅತ್ತೆ ಡಬ್ಬಿಯನ್ನು ಬಿಸಿಲಿನಲ್ಲಿ ಇಡಲು ಹೇಳಿದರು. ನೀರು ಚಿಮುಕಿಸುವ ಹಾಗಿಲ್ಲ ಎಂದು ನಾನು ಮೊದಲೇ ಬೇಡಿಕೊಂಡಿದ್ದೆ. ಮರುದಿನ ಸ್ನಾನ ಮಾಡಿ, ಒಂದು ರೇಷ್ಮೆ ಚೂರಿನಲ್ಲಿ ಅದನ್ನು ಎತ್ತಿಕೊಂಡು, "ರೇಷ್ಮೆಗೆ ಮೈಲಿಗೆಯಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಹೊಸ್ತಿಲಿನಿಂದ ಹೇಳಿದ ಹಾಗೆ ಗೋಡೆಯ ತಂತಿಯನ್ನು ಅದರ ಒಂದು ತುದಿಗೂ ಫೋನಿನ ತಂತಿಯನ್ನು ಇನ್ನೊಂದು ತುದಿಗೂ ಸಿಕ್ಕಿಸಿದರು. ಟಿಕ್ ಎಂದಿತು. "ಆಯ್ತೇನು?" ಎಂದು ಕೇಳಿ ಸಾರು ಕಲಕಲು ತಿರುಗಿದರು.

ಗಡುವಿನ ಹಿಂದಿನ ದಿನ ಬೆಳಿಗ್ಗೆ ಕೊನೆಯ ಕಂತು ಇಳಿಯುತ್ತಿತ್ತು. ಆಗ ಫೋನು ಬಂತು. ಹಾಲಿನಲ್ಲಿ ನಾನು ಎತ್ತಿಕೊಂಡೆ. ಕಾರ್ಯದರ್ಶಿಗಳು.

"ಮೇಡಂ, ಸಮಿತಿಯವರು ಕೇಳ್ತಿದಾರೆ. ಪ್ರೆಸ್ಸಿನೋನಿಗೆ ಇಂಗ್ಲಿಷ್ ಅಕ್ಷರದ ಮ್ಯಾಟರ್ ಇವತ್ತೇ ಕೊಟ್ಬಿಡೋಣ ಅಂತ. ನಿಮಗೂ ತೊಂದರೆ ತಪ್ಪತ್ತೆ."

"ತೊಂದರೆ ಏನಿಲ್ಲ ಸಾರ್. ಗಡುವು ನಾಳೆ ಅಲ್ವಾ? ನಾಳೆ 'ಪುಟ ತಗೊಳ್ಳಿ' ಅಂತ ನಾನೇ ಬರ್ತೀನಿ."

"ಪುಟದ ಮಾತಲ್ಲ ಮೇಡಂ. ನೀವು ಕೋಪ ಮಾಡ್ಕೋಬಾರದು. ಈ ಕಾಲದಲ್ಲಿ, ಈ ಊರಲ್ಲಿ, ಕನ್ನಡ ಅಕ್ಷರ ಬಿಟ್ರೆ ಬೇರೆ ಓದಕ್ಕೆ ಬರದೇ ಇರೋರು ಯಾರಿದಾರೆ? ಒಬ್ಬರನ್ನ ತೋರಿಸಿ, ನಾನು ಇನ್ನು ಮಾತೇ ಎತ್ತಲ್ಲ."

"ನಾನಿದೀನಲ್ಲಪ್ಪ" ಎಂದಿತು ಫೋನು.

ಹೇಳಿದ್ದು ನಾನಲ್ಲ. ಒಂದೇ ಲೈನಿನ ಎರಡು ಫೋನು, ತಂಗಿಯದೆಂದು ಒಳಗೆ ಅತ್ತೆಯೂ ಎತ್ತಿಕೊಂಡಿದ್ದರು.

"ಯಾ... ಯಾರಮ್ಮಾ ಅದು?"

"ಇವಳ ಅತ್ತೆ. ಮದುವೆಯಾಗಿ ಬಂದಾಗಿಂದ ಇದೇ ಊರಲ್ಲಿದೀನಿ. ನನ್ನ ಮೊಮ್ಮಗಳು ಎಲ್ಲಿಗೆ ಹೋಗ್ತೀನಿ ಅಂತ ಬರೆದು ಬಾಗಿಲಿಗೆ ಅಂಟಿಸಿ ಹೋಗ್ತಾಳೆ. ನಾನು ಅದರ ಮುಂದೆ ನಿಂತ್ಕೊಂಡು ಮಗು ಎಲ್ಲಿಗೆ ಹೋಯ್ತೋ ಅಂತ ಯೋಚ್ನೆ ಮಾಡ್ತೀನಿ. ನಿಮ್ಮ ಪುಸ್ತಕ ಓದಿದ ಮಕ್ಕಳೆಲ್ಲ ಹಾಗೇ ಬರೀಬೇಕೇನಪ್ಪ?"

"ಹಾಗಲ್ಲಮ್ಮ... ಮಕ್ಕಳಿಗೆ ಸುಲಭವಾಗಲಿ ಅಂತ..."

"ಸುಲಭ ಆಗೋದು ನಿಮ್ಮ ಪ್ರೆಸ್ಸಿನೋನಿಗೆ" ಎಂದರು ಅತ್ತೆ. "ಪುಟ ಇವಳು ತರ್ತಾಳೆ. ಈಗ ಫೋನ್ ಇಡಿ, ನನ್ನ ತಂಗಿ ಮಾಡೋ ಹೊತ್ತು."

ಕಾರ್ಯದರ್ಶಿಗಳು "ಸರಿ ಅಮ್ಮ" ಎಂದು ಇಟ್ಟುಬಿಟ್ಟರು. ರಿಸೀವರ್ ಕೈಯಲ್ಲೇ ಹಿಡಿದು ಮೋಡೆಮಿನ ಕಡೆ ನೋಡಿದೆ. ಅಷ್ಟು ಮಾತಿನಲ್ಲೂ ದೀಪ ಒಂದು ಸಲವೂ ಮಿಟುಕಿರಲಿಲ್ಲ, ಫೈಲುಗಳು ಇಳಿಯುತ್ತಲೇ ಇದ್ದವು.

ಮಧ್ಯಾಹ್ನ ಕಂಪ್ಯೂಟರನ್ನು ಆರಿಸಿ ಹಚ್ಚಿ ಅಮ್ಮ ಎಂದು ಹೊಡೆದೆ. ಮಕಾರದ ಒತ್ತು ತಲೆ ತಗ್ಗಿಸಿ ತನ್ನ ಜಾಗಕ್ಕೆ ಇಳಿಯಿತು. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ನಿನಗೆ ಓದಲು ಬರದಿದ್ದರೂ ಪರವಾಗಿಲ್ಲ, ಯಾವ ಒತ್ತು ಕೆಳಗೆ ಇಳಿದಿಲ್ಲ ಎಂದು ಆಕಾರ ನೋಡಿ ಹೇಳು ಎಂದೆ. ಅವಳು ಗೊಣಗುತ್ತಲೇ ಎಲ್ಲ ಪುಟ ನೋಡಿದಳು, ನೋಡುತ್ತಾ ನೋಡುತ್ತಾ ಇದೇನು ಅದೇನು ಎಂದು ಕೇಳತೊಡಗಿದಳು. ಮರುದಿನ ನಾನು ಪುಟಗಳನ್ನು ಒಯ್ದು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ತಿರುವಿ ನೋಡಿ ಪ್ರೆಸ್ಸಿಗೆ ಫೋನ್ ಮಾಡಿದರು. ಯುಗಾದಿಗೆ ಪುಸ್ತಕ ಬಂತು, ಒಂದೇ ಒಂದು ಇಂಗ್ಲಿಷ್ ಅಕ್ಷರವಿಲ್ಲದೆ.

ಆ ಬೇಸಿಗೆಯಲ್ಲಿ ಗುಡುಗು ಮಳೆಗೆ ಮೋಡೆಮ್ ಸುಟ್ಟುಹೋಗಿ ಇನ್ನೊಬ್ಬ ಮೆಕ್ಯಾನಿಕ್ ಬಂದ. ಹೊಸದನ್ನು ಕೂರಿಸುತ್ತಾ, ಮನೆಯಲ್ಲಿ ಎಷ್ಟು ಫೋನು ಎಂದು ಗಂಡನನ್ನು ಕೇಳಿದ. ಗಂಡ ಅಭ್ಯಾಸಬಲದಿಂದ "ಒಣ್ಣು ದಾನ್" ಎಂದರು.

"ರೆಂಡು!" ಎಂದಿತು ಅಡಿಗೆಮನೆಯ ಒಳಗಿನಿಂದ ಅತ್ತೆಯ ದನಿ, ಅವನಿಗೆ ತಿಳಿಯಲಿ ಎಂದು ತಮಿಳಿನಲ್ಲೇ. "ರೆಂಡು ಇರುಕ್ಕುಪ್ಪಾ. ನಲ್ಲಾ ಎಳುದಿಕ್ಕೋ." ಎರಡಿದೆಯಪ್ಪ, ಸರಿಯಾಗಿ ಬರೆದುಕೋ ಎಂದು.

ಅವನು ಎರಡು ಎಂದು ಬರೆದುಕೊಂಡ.